ಪೆಟ್ಟಿಗೆ ಗೆದ್ದಿತು, ಹಮಾಲನಿಗೆ ಏನು ಸಿಕ್ಕಿತು?

2021ರ ಮಾರ್ಚ್‌ನಲ್ಲಿ ಸೂಯೆಜ್ ಕಾಲುವೆಗೆ ಅಡ್ಡಲಾಗಿ ಸಿಕ್ಕಿಹಾಕಿಕೊಂಡ 'ಎವರ್ ಗಿವನ್' ಹಡಗು ನೆನಪಿದೆ ಅಲ್ವಾ? ಅದು ಬಿಡಿಸಿಕೊಳ್ಳೋವರೆಗೂ ನಾವು ಟಿವಿಯವರು ಅದನ್ನೇ ತೋರಿಸಿದ್ವಿ. 400 ಮೀಟರ್ ಉದ್ದದ ಹಡಗನ್ನು ಎಲ್ಲರೂ ನೋಡಿದರು. ಅದರ ಮೇಲೆ ಇಟ್ಟಿಗೆ ಜೋಡಿಸಿದಂತೆ ಪೇರಿಸಿದ್ದ ಪೆಟ್ಟಿಗೆಗಳು ಎಲ್ಲಿಂದ ಬಂದವು ಅಂತ ಯಾರೂ ಕೇಳಲಿಲ್ಲ. ಇವತ್ತು ಆ ಪೆಟ್ಟಿಗೆಯ ಕಥೆ.

ಕಂಟೇನರ್ ಬರೋದಕ್ಕೆ ಮುಂಚೆ ಹಡಗಿಗೆ ಸರಕು ತುಂಬೋದು ಹೇಗಿತ್ತು? 1954ರಲ್ಲಿ 'ವಾರಿಯರ್' ಅನ್ನೋ ಹಡಗು ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಿಂದ ಜರ್ಮನಿಯ ಬ್ರೆಮರ್‌ಹಾವೆನ್‌ಗೆ ಹೋಯಿತು. ಅದರಲ್ಲಿದ್ದದ್ದು ಸುಮಾರು 5,000 ಟನ್ ಸರಕು. ಬಿಡಿಬಿಡಿ ಎಣಿಸಿದರೆ 1,94,582 ನಗ! ಮೂಟೆ, ಡಬ್ಬ, ಪೀಪಾಯಿ, ಮರದ ಪೆಟ್ಟಿಗೆ. ತುಂಬೋಕೆ ಆರು ದಿನ, ಇಳಿಸೋಕೆ ನಾಲ್ಕು ದಿನ. ಖರ್ಚು ಸಮುದ್ರದಲ್ಲಿ ಆಗ್ತಿರಲಿಲ್ಲ, ದಡದಲ್ಲಿ ಆಗ್ತಿತ್ತು.

ಇದನ್ನು ಬದಲಿಸಿದವನು ಹಡಗಿನವನಲ್ಲ, ಲಾರಿಯವನು. ಅಮೆರಿಕದ ನಾರ್ತ್ ಕೆರೊಲಿನಾದ ಮಾಲ್ಕಮ್ ಮೆಕ್ಲೀನ್. 1934ರಲ್ಲಿ ಒಂದೇ ಲಾರಿ ಇಟ್ಟುಕೊಂಡು ಶುರುಮಾಡಿದ ಈತನ ಯೋಚನೆ ಸರಳವಾಗಿತ್ತು: ಲಾರಿಯಿಂದ ಸರಕು ಇಳಿಸೋದೇ ಬೇಡ, ಲಾರಿಯ ಮೈಯನ್ನೇ ಎತ್ತಿ ಹಡಗಿಗೆ ಇಡೋಣ. 1956ರ ಏಪ್ರಿಲ್ 26ರಂದು ನ್ಯೂವಾರ್ಕ್‌ನಿಂದ ಹೂಸ್ಟನ್‌ಗೆ 'ಐಡಿಯಲ್ ಎಕ್ಸ್' ಎಂಬ ಹಳೇ ತೈಲ ಹಡಗು 58 ಪೆಟ್ಟಿಗೆ ಹೊತ್ತು ಹೊರಟಿತು. ಬಿಡಿ ಸರಕು ತುಂಬೋಕೆ ಟನ್ನಿಗೆ 5 ಡಾಲರ್ 83 ಸೆಂಟ್ ಆಗ್ತಿದ್ದ ಕಾಲ ಅದು. ಇಲ್ಲಿ ಆಗಿದ್ದು ಸುಮಾರು 16 ಸೆಂಟ್!

ನಾನು ಎಂಜಿನಿಯರಿಂಗ್ ಓದಿದವನು. ಪೆಟ್ಟಿಗೆಗಿಂತ ಅದರ ಮೂಲೆ ನನಗೆ ಇಷ್ಟ. ಪೆಟ್ಟಿಗೆ ಮೇಲೆ ಪೆಟ್ಟಿಗೆ ಇಟ್ಟರೆ ಅಲುಗಾಡಬಾರದು, ಕ್ರೇನ್ ಒಂದೇ ಸಲಕ್ಕೆ ಹಿಡಿಯಬೇಕು, ಲಾರಿಗೂ ಕೂರಬೇಕು. ಮೆಕ್ಲೀನ್ ಕಂಪನಿಯ ಎಂಜಿನಿಯರ್ ಕೀತ್ ಟ್ಯಾಂಟ್ಲಿಂಗರ್ ಇದಕ್ಕಾಗಿ ಮೂಲೆಯ ತೂತಿನಲ್ಲಿ ತಿರುಗಿಸಿ ಬಿಗಿಯುವ ಲಾಕ್ ರೂಪಿಸಿದ. ಆಗ ಒಬ್ಬೊಬ್ಬರ ಪೆಟ್ಟಿಗೆ ಒಂದೊಂದು ಅಳತೆ. ಮೆಕ್ಲೀನ್‌ನದು 35 ಅಡಿ, ಮ್ಯಾಟ್ಸನ್ ಕಂಪನಿಯದು 24 ಅಡಿ. ಕೊನೆಗೆ ಜಗತ್ತು ಒಪ್ಪಿದ್ದು 20 ಮತ್ತು 40 ಅಡಿ. 1963ರಲ್ಲಿ ಮೆಕ್ಲೀನ್ ಕಂಪನಿ ತನ್ನ ಪೇಟೆಂಟನ್ನೇ ಬಿಟ್ಟುಕೊಟ್ಟಿತು. ಯಾರ ಪೆಟ್ಟಿಗೆಯಾದರೂ ಯಾರ ಹಡಗಿಗಾದರೂ ಹೊಂದಬೇಕಾದರೆ ಬೀಗ ಒಂದೇ ಇರಬೇಕಲ್ಲ!

ಒಂದೇ ಪೆಟ್ಟಿಗೆ ವರ್ಷಗಟ್ಟಲೆ ಊರೂರು ತಿರುಗುತ್ತೆ. ಮರದ ಪೆಟ್ಟಿಗೆಯಂತೆ ಒಡೆದು ಬಿಸಾಡೋದಿಲ್ಲ. ಆದರೆ ಮತ್ತೆ ಬಳಸಬೇಕಾದರೆ ಅದು ವಾಪಸ್ ಬರಬೇಕು. ಖಾಲಿ ಬಂದರೆ ನಷ್ಟ. ವಿಯೆಟ್ನಾಂ ಯುದ್ಧಕ್ಕೆ ಅಮೆರಿಕದಿಂದ ಸಾಮಾನು ಹೊತ್ತ ಮೆಕ್ಲೀನ್ ಹಡಗುಗಳು ವಾಪಸಾಗುವಾಗ ಜಪಾನ್‌ಗೆ ಹೋಗಿ ಅಲ್ಲಿನ ಸರಕು ತುಂಬಿಕೊಂಡು ಬಂದವು. ಏಷ್ಯಾದ ಕಾರ್ಖಾನೆ, ಅಮೆರಿಕದ ಅಂಗಡಿ ಎಂಬ ದಾರಿ ಗಟ್ಟಿಯಾಗಲು ಇದೂ ನೆರವಾಯಿತು. ಕೋವಿಡ್ ಕಾಲದಲ್ಲಿ ಪೆಟ್ಟಿಗೆಗಳು ಎಲ್ಲೆಲ್ಲೋ ಸಿಕ್ಕಿಕೊಂಡಾಗ ನಮ್ಮ ಕಾಫಿ ರಫ್ತುದಾರರೂ ಒದ್ದಾಡಿದರು.

ಸಮುದ್ರವೇ ಇಲ್ಲದ ಬೆಂಗಳೂರಿಗೂ ಈ ಪೆಟ್ಟಿಗೆ ಬಂದರು ತಂದಿತು. ದೇಶದ ಮೊದಲ ಒಳನಾಡು ಕಂಟೇನರ್ ಡಿಪೋ 1981ರಲ್ಲಿ ಶುರುವಾಗಿದ್ದು ನಮ್ಮ ಬೆಂಗಳೂರಿನಲ್ಲೇ.

ಈಗ ಆ 16 ಸೆಂಟ್‌ಗೆ ವಾಪಸ್ ಬರೋಣ. ಉಳಿದ ಐದೂವರೆ ಡಾಲರ್ ಗಾಳಿಯಿಂದ ಹುಟ್ಟಿದ್ದಲ್ಲ. ಅದರಲ್ಲಿ ದೊಡ್ಡ ಪಾಲು ಮೂಟೆ ಹೊರುತ್ತಿದ್ದವರ ಕೂಲಿ. ಬ್ರೂಕ್ಲಿನ್ ಹಡಗುಕಟ್ಟೆಗಳು ಬಣಗುಟ್ಟಿದವು. ಲಂಡನ್ ನಗರದೊಳಗಿನ ಶತಮಾನದ ಹಡಗುಕಟ್ಟೆಗಳು 1981ರ ಹೊತ್ತಿಗೆ ಒಂದೊಂದಾಗಿ ಬಾಗಿಲು ಹಾಕಿದವು.

ಆದರೆ ಎಲ್ಲರೂ ಸುಮ್ಮನೆ ಮನೆಗೆ ಹೋಗಲಿಲ್ಲ. ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಹ್ಯಾರಿ ಬ್ರಿಡ್ಜಸ್ ಎಂಬ ಕಾರ್ಮಿಕ ನಾಯಕ 1960ರಲ್ಲಿ ಒಂದು ಒಪ್ಪಂದ ಮಾಡಿಕೊಂಡರು. ಯಂತ್ರ ಬರಲಿ, ತಡೆಯಲ್ಲ. ಆದರೆ ಅದರಿಂದ ಉಳಿಯೋ ದುಡ್ಡಲ್ಲಿ ನಮಗೂ ಪಾಲು ಬೇಕು ಅನ್ನೋದು ಅದರ ಸಾರ. ಮಾಲೀಕರು ವರ್ಷಕ್ಕೆ 50 ಲಕ್ಷ ಡಾಲರ್ ನಿಧಿಗೆ ಕೊಟ್ಟರು. ನ್ಯೂಯಾರ್ಕ್‌ನ ಕಾರ್ಮಿಕರೂ ಆಮೇಲೆ ಖಾತ್ರಿ ವಾರ್ಷಿಕ ಆದಾಯ ಪಡೆದರು. ಕೆಲಸ ಹೋಯಿತು, ನಿಜ. ಆದರೆ ಬರಿಗೈಲಿ ಹೋಗಲಿಲ್ಲ. ಸಂಘಟನೆ ಇಲ್ಲದ ಕಡೆ ಹಮಾಲನಿಗೆ ಅಷ್ಟೂ ಸಿಗಲಿಲ್ಲ.

ಇದನ್ನ ಇವತ್ತು ಯಾಕೆ ಹೇಳ್ತಿದ್ದೀನಿ ಗೊತ್ತಾ? ಕನ್ನಡ ಚಾನೆಲ್‌ನಲ್ಲೂ ಎಐ ಆ್ಯಂಕರ್ ಸುದ್ದಿ ಓದಿದ್ದಾಗಿದೆ. ನಮ್ಮ ಕುರ್ಚಿಗೂ ಕಂಟೇನರ್ ಬಂತು. ಯಂತ್ರ ಬೇಕೋ ಬೇಡವೋ ಅಂತ ಕೂಗಾಡಿ ಪ್ರಯೋಜನವಿಲ್ಲ, ಅದು ಬಂದೇ ಬರುತ್ತೆ. ಬ್ರಿಡ್ಜಸ್ ಕೇಳಿದ ಪ್ರಶ್ನೆಯನ್ನೇ ನಾವೂ ಕೇಳಬೇಕು: ಉಳಿದ ದುಡ್ಡು ಯಾರ ಜೇಬಿಗೆ? ಅದನ್ನು ಕೆಲಸ ಇರೋವಾಗಲೇ ಕೇಳಬೇಕು.