ಮಳೆಗೆ ಅಳಿಸಿದ ಗೆರೆ, ಅಳಿಯದ ದಂಡ

ಮುಂಗಾರು ಹಿಡಿದರೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಕಡೆಯ ರಸ್ತೆಗಳ ಬಣ್ಣವೇ ಬದಲಾಗುತ್ತದೆ. ಗದ್ದೆಯಿಂದ ಬಂದ ಟ್ರ್ಯಾಕ್ಟರ್ ಗಾಲಿಯ ಕೆಸರು ಡಾಂಬರಿನ ಮೇಲೆ ಮೆತ್ತಿಕೊಳ್ಳುತ್ತದೆ. ಜಗಳೂರಿನಲ್ಲಿ ಮಳೆ ಕಡಿಮೆ, ಅಲ್ಲಿ ಧೂಳಿನ ಕಾಟ. ಮೆಕ್ಕೆಜೋಳದ ಸುಗ್ಗಿಯಲ್ಲಂತೂ ಎಷ್ಟೋ ಕಡೆ ರಸ್ತೆಯೇ ಕಣ. ಇದರ ನಡುವೆ ರಸ್ತೆಯ ಬಿಳಿ ಗೆರೆ, ಹಳದಿ ಗೆರೆ ಹುಡುಕಿದರೂ ಸಿಗುವುದಿಲ್ಲ. ಆದರೆ ಬೈಕ್ ನಿಲ್ಲಿಸಿ ಸಂತೆ ಮುಗಿಸಿ ಬಂದವರಿಗೆ ದಂಡ ಮಾತ್ರ ಬೀಳಬಹುದು.

ಕಾಣದ ಗೆರೆಗೆ ದಂಡ ಕಟ್ಟಬೇಕೆ? ಉತ್ತರ ಬೇಕಾದರೆ ಎತ್ತಿನ ಗಾಡಿಯ ಕಾಲಕ್ಕೆ ಹೋಗಿ ಬರಬೇಕು.

ಗೆರೆಗಿಂತ ಮೊದಲೇ ದಂಡ ಇತ್ತು

ಬ್ರಿಟಿಷ್ ಇಂಡಿಯಾದ 1861ರ ಪೊಲೀಸ್ ಕಾಯ್ದೆಯ 34ನೇ ಕಲಂ ಓದಿದರೆ ಆಶ್ಚರ್ಯವಾಗುತ್ತದೆ. ಆಗ ಕಾರಿಲ್ಲ, ಬೈಕಿಲ್ಲ. ಆದರೂ ಆ ಕಲಂ ಜಾರಿಯಲ್ಲಿದ್ದ ಪಟ್ಟಣಗಳಲ್ಲಿ ಸರಕು ಇಳಿಸಲು, ಜನ ಹತ್ತಿಸಲು ಬೇಕಾದಷ್ಟು ಹೊತ್ತಿಗಿಂತ ಹೆಚ್ಚು ಕಾಲ ಗಾಡಿ ನಿಲ್ಲಿಸಿದರೆ ತಪ್ಪು. ಜನರಿಗೆ ತೊಂದರೆ ಆಗುವಂತೆ ಬಿಟ್ಟು ಹೋದರೂ ತಪ್ಪು. ದಂಡ 50 ರೂಪಾಯಿವರೆಗೆ. ಆ ಕಾಲದ 50 ರೂಪಾಯಿ ಎಂದರೆ ಸಣ್ಣ ಮೊತ್ತವಲ್ಲ.

ನಮ್ಮ ಸೀಮೆ ಆಗ ಮೈಸೂರು ಸಂಸ್ಥಾನಕ್ಕೆ ಸೇರಿತ್ತು. ಮುಂದೆ ರಾಜ್ಯ ಒಂದಾದ ಮೇಲೆ 1963ರಲ್ಲಿ ಬಂದ ನಮ್ಮದೇ ಪೊಲೀಸ್ ಕಾಯ್ದೆಯ 92ನೇ ಕಲಂ ಕೂಡ ಬೀದಿಯ ತಪ್ಪುಗಳನ್ನು ಪಟ್ಟಿ ಮಾಡಿತು. ದಾರಿಗೆ ಅಡ್ಡವಾಗಿ ಗಾಡಿ ನಿಲ್ಲಿಸುವುದು ಅದರಲ್ಲೂ ಇದೆ.

ಇಲ್ಲಿ ಗಮನಿಸಬೇಕಾದ್ದು ಒಂದು. ಈ ಹಳೆಯ ಕಾನೂನಿಗೆ ಗೆರೆಯೂ ಬೇಡ, ಬೋರ್ಡೂ ಬೇಡ. ಜನ ಓಡಾಡಲು ಅಡ್ಡಿಯಾಯಿತೇ ಎಂದಷ್ಟೇ ನೋಡುತ್ತಿದ್ದರು.

ಗೆರೆ ಬಂದದ್ದು ಯಾವಾಗ?

ರಸ್ತೆ ನಡುವೆ ಗೆರೆ ಎಳೆಯುವ ಪದ್ಧತಿ ಶುರುವಾಗಿ ನೂರು ವರ್ಷದ ಮೇಲಾಯಿತು. ಅಮೆರಿಕದ ಮಿಷಿಗನ್ ರಾಜ್ಯದಲ್ಲಿ 1911ರಲ್ಲಿ ಎಡ್ವರ್ಡ್ ಹೈನ್ಸ್ ಎಂಬ ರಸ್ತೆ ಅಧಿಕಾರಿ ಇದನ್ನು ಮಾಡಿಸಿದರು. ಹಾಲಿನ ಗಾಡಿಯೊಂದು ಸೋರುತ್ತಾ ಹೋದಾಗ ರಸ್ತೆ ಮೇಲೆ ಬಿದ್ದ ಬಿಳಿ ಗೆರೆ ನೋಡಿ ಅವರಿಗೆ ಇದು ಹೊಳೆಯಿತು ಎಂಬ ಕತೆ ಇದೆ.

ನಮ್ಮ ದೇಶದಲ್ಲಿ ಮೋಟಾರು ವಾಹನ ಕಾಯ್ದೆ 1914ರಲ್ಲಿ ಬಂತು, 1939ರಲ್ಲಿ ಹೊಸದಾಯಿತು. ಗೆರೆ ಎಷ್ಟು ಅಗಲ, ಯಾವ ಬಣ್ಣ ಎಂಬ ಅಳತೆಯನ್ನು ಇಂಡಿಯನ್ ರೋಡ್ಸ್ ಕಾಂಗ್ರೆಸ್ 1970ರಲ್ಲಿ ಒಂದು ಸಂಹಿತೆಯಾಗಿ ಹೊರತಂದಿತು. ಅದರ ಹೆಸರು ಐಆರ್‌ಸಿ 35. ಆಮೇಲೆ 1997 ಮತ್ತು 2015ರಲ್ಲಿ ಅದನ್ನು ತಿದ್ದಿದರು.

ಈಗ ದೊಡ್ಡ ರಸ್ತೆಗಳಿಗೆ ಬಳಿಯುವುದು ಬರೀ ಬಣ್ಣವಲ್ಲ, ಬಿಸಿ ಮಾಡಿ ಹಾಕುವ ದಪ್ಪ ಪದಾರ್ಥ. ಅದರ ಮೇಲೆ ಸಣ್ಣ ಗಾಜಿನ ಮಣಿ ಉದುರಿಸುತ್ತಾರೆ. ರಾತ್ರಿ ಹೆಡ್‌ಲೈಟ್ ಬಿದ್ದರೆ ಮಣಿಗಳು ಬೆಳಕನ್ನು ನಮ್ಮ ಕಣ್ಣಿಗೇ ತಿರುಗಿಸುತ್ತವೆ. ಆದರೆ ಗೆರೆ ಮೇಲೆ ನೀರು ನಿಂತರೆ ಬೆಳಕು ಬೇರೆ ಕಡೆ ಚದುರಿಹೋಗುತ್ತದೆ. ಮಳೆಯ ರಾತ್ರಿ ಹೊಸ ಗೆರೆಯೂ ಮಾಯವಾಗುವುದು ಇದಕ್ಕೇ. ಮಣ್ಣು ಮುಚ್ಚಿದರಂತೂ ಹಗಲಲ್ಲೂ ಇಲ್ಲ.

ಈಗಿನ ಕಾನೂನು ಏನು ಹೇಳುತ್ತದೆ?

ಈಗ ನಡೆಯುತ್ತಿರುವುದು 1988ರ ಕಾಯ್ದೆ. 1989ರ ಜುಲೈ 1ರಿಂದ ಜಾರಿಯಲ್ಲಿದೆ. ಅದೇ ವರ್ಷ ಬಂದ ರಸ್ತೆ ನಿಯಮಗಳಲ್ಲಿ ಪಾರ್ಕಿಂಗ್‌ಗೇ ಒಂದು ಪಟ್ಟಿ ಇತ್ತು. 2017ರಲ್ಲಿ ಅದರ ಜಾಗಕ್ಕೆ ಹೊಸ ಚಾಲನಾ ನಿಯಮಗಳು ಬಂದವು.

ಆ ಪಟ್ಟಿಯನ್ನು ಎರಡು ಭಾಗ ಮಾಡಿ ನೋಡಿದರೆ ನಮ್ಮ ಪ್ರಶ್ನೆಗೆ ಉತ್ತರ ಸಿಗುತ್ತದೆ.

ಮೊದಲನೆಯದು, ಗೆರೆ ಇರಲಿ ಬಿಡಲಿ ನಿಲ್ಲಿಸಬಾರದ ಜಾಗಗಳು: ತಿರುವು, ರಸ್ತೆ ಕೂಡುವ ಕಡೆ, ಫುಟ್‌ಪಾತ್, ಬಸ್ ನಿಲ್ದಾಣದ ಹತ್ತಿರ, ಶಾಲೆ ಮತ್ತು ಆಸ್ಪತ್ರೆ ಬಾಗಿಲು. ಇಲ್ಲಿ ಕೆಸರಿನ ನೆಪ ನಡೆಯುವುದಿಲ್ಲ. ಆಂಬುಲೆನ್ಸ್ ಬರುವ ಬಾಗಿಲಿಗೆ ಗೆರೆ ಬೇಕಿಲ್ಲ. 1861ರ ತತ್ವವೇ ಇಲ್ಲಿ ಉಳಿದಿದೆ.

ಎರಡನೆಯದು, ಬೋರ್ಡು ಅಥವಾ ಗೆರೆಯಿಂದಲೇ ಗೊತ್ತಾಗಬೇಕಾದ ಜಾಗಗಳು. ಪೇಟೆ ಬೀದಿಯ ಒಂದು ಬದಿ ನಿಲ್ಲಿಸಬಹುದು, ಇನ್ನೊಂದು ಬದಿ ಬೇಡ ಎಂಬಂಥವು. ಅದನ್ನು ನೋಡಿದ ಕೂಡಲೇ ಯಾರೂ ಊಹಿಸಲಾರರು. 117ನೇ ಕಲಂ ಪ್ರಕಾರ ವಾಹನ ನಿಲ್ಲುವ ಜಾಗವನ್ನು ಸ್ಥಳೀಯ ಸಂಸ್ಥೆಯ ಜೊತೆ ಸಮಾಲೋಚಿಸಿ ಗೊತ್ತು ಮಾಡಬೇಕು. 116ನೇ ಕಲಂ ಫಲಕ ಹಾಕುವ ಅಧಿಕಾರ ಕೊಡುತ್ತದೆ. ಆ ಫಲಕ ಪಾಲಿಸುವುದು ಚಾಲಕರ ಕರ್ತವ್ಯ ಎಂದು 119 ಹೇಳುತ್ತದೆ. ಇವು ಒಂದಕ್ಕೊಂದು ಕೊಂಡಿ. ಫಲಕವೇ ಇಲ್ಲದೆ, ಗೆರೆಯೂ ಕಾಣದೆ ಹೋದರೆ ಪಾಲಿಸುವುದಾದರೂ ಏನನ್ನು? ಇಂಥ ಕಡೆ ದಂಡವನ್ನು ಪ್ರಶ್ನಿಸಲು ನಿಮಗೆ ನ್ಯಾಯವಾದ ಕಾರಣವಿದೆ ಎಂಬುದು ನಮ್ಮ ಅಭಿಪ್ರಾಯ.

ಏರಿದ ದಂಡ, ಏರದ ಹೊಣೆ

177ನೇ ಕಲಂನ ಸಾಮಾನ್ಯ ದಂಡ ಮೊದಲ ಸಲಕ್ಕೆ 100 ರೂಪಾಯಿವರೆಗೆ ಇತ್ತು. 2019ರ ಸೆಪ್ಟೆಂಬರ್ 1ರಿಂದ ಅದು 500 ಆಯಿತು. 2025–26ರಲ್ಲಿ ನಮ್ಮ ರಾಜ್ಯದ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ. ಒಂದು ದಿನದ ದುಡಿಮೆ ಪೂರ್ತಿ ಕೊಟ್ಟರೂ ದಂಡ ತೀರುವುದಿಲ್ಲ.

ಅದೇ ತಿದ್ದುಪಡಿಯಲ್ಲಿ 198ಎ ಎಂಬ ಹೊಸ ಕಲಂ ಸೇರಿತು. ರಸ್ತೆಯ ಸುರಕ್ಷತೆ ಕಾಪಾಡದ ಅಧಿಕಾರಿ, ಗುತ್ತಿಗೆದಾರರಿಗೆ 1 ಲಕ್ಷ ರೂಪಾಯಿವರೆಗೆ ದಂಡ. ಆದರೆ ಅದಕ್ಕೊಂದು ಷರತ್ತು: ಆ ಲೋಪದಿಂದ ಯಾರಾದರೂ ಸಾಯಬೇಕು ಇಲ್ಲವೇ ಅಂಗವಿಕಲರಾಗಬೇಕು. ಬೈಕ್ ನಿಲ್ಲಿಸಿದವರಿಗೆ ಯಾರಿಗೂ ಪೆಟ್ಟಾಗದಿದ್ದರೂ ದಂಡ. ಗೆರೆ ಅಳಿಯಲು ಬಿಟ್ಟವರಿಗೆ ಯಾರದಾದರೂ ಜೀವ ಹೋದರೆ ಇಲ್ಲವೇ ಅಂಗವಿಕಲರಾದರಷ್ಟೇ ದಂಡ. ಈ ತಕ್ಕಡಿ ಸಮ ಇಲ್ಲ.

ನಮ್ಮ ನಾಲ್ಕು ತಾಲ್ಲೂಕುಗಳ ಮಾತು

1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆ ಆಗುವ ತನಕ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗಕ್ಕೆ, ಜಗಳೂರು ಚಿತ್ರದುರ್ಗಕ್ಕೆ ಸೇರಿದ್ದವು. ಹೊನ್ನಾಳಿಯ ಹೋಬಳಿಯಾಗಿದ್ದ ನ್ಯಾಮತಿ 2018ರಲ್ಲಿ ತಾಲ್ಲೂಕಾಯಿತು. ತಾಲ್ಲೂಕು ಕಚೇರಿ ಬಂದರೆ ಪಹಣಿ, ಪಿಂಚಣಿ ಕೆಲಸಕ್ಕೆ ಸುತ್ತಲ ಹಳ್ಳಿಯವರು ಅಲ್ಲಿಗೇ ಬರಬೇಕು. ಬೈಕ್ ಹೆಚ್ಚುತ್ತದೆ, ಬೀದಿ ಅಷ್ಟೇ ಅಗಲ ಇರುತ್ತದೆ. ಹಾಗಾಗಿ ಪಾರ್ಕಿಂಗ್ ಈಗ ಬೆಂಗಳೂರಿನವರ ತಲೆನೋವು ಮಾತ್ರ ಅಲ್ಲ.

ಕಾಣದ ಗೆರೆಗೆ ದಂಡ ಬಿದ್ದರೆ ಹೀಗೆ ಮಾಡಿ. ಗಾಡಿ ತೆಗೆಯುವ ಮುಂಚೆ ಫೋನಿನಲ್ಲಿ ನಾಲ್ಕು ಫೋಟೊ ತೆಗೆಯಿರಿ: ಗಾಡಿ ನಿಂತ ಜಾಗ, ನೆಲ, ರಸ್ತೆಯ ಎರಡೂ ದಿಕ್ಕು. ಬೋರ್ಡು ಇದೆಯೋ ಇಲ್ಲವೋ ಅದರಲ್ಲೇ ಗೊತ್ತಾಗುತ್ತದೆ. ಸ್ಥಳದಲ್ಲೇ ದಂಡ ಕಟ್ಟುವುದು ರಾಜಿ ಮಾಡಿಕೊಂಡಂತೆ. ಒಪ್ಪದಿದ್ದರೆ ನ್ಯಾಯಾಲಯದಲ್ಲಿ ಹೇಳಿಕೊಳ್ಳುತ್ತೇನೆ ಎನ್ನುವ ಹಕ್ಕು ನಿಮಗಿದೆ.

ಇನ್ನೊಂದು ದಾರಿ ಮಾಹಿತಿ ಹಕ್ಕು. ಪಾರ್ಕಿಂಗ್ ನಿಷೇಧಕ್ಕೆ ಜಿಲ್ಲಾಧಿಕಾರಿಗಳು ಲಿಖಿತ ಆದೇಶ ಹೊರಡಿಸುವುದು ರೂಢಿ. 10 ರೂಪಾಯಿ ಶುಲ್ಕ ಕಟ್ಟಿ ಆ ಆದೇಶದ ಪ್ರತಿ, ಕೊನೆಯ ಸಲ ಗೆರೆ ಬಳಿದ ದಿನಾಂಕ ಎರಡನ್ನೂ ಕೇಳಿ. 30 ದಿನದೊಳಗೆ ಉತ್ತರ ಕೊಡಬೇಕು. ಒಬ್ಬರು ಕೇಳಿ ಪಡೆದ ಪ್ರತಿ ಇಡೀ ಬೀದಿಯವರಿಗೆ ಉಪಯೋಗಕ್ಕೆ ಬರುತ್ತದೆ.

ಮಳೆಗಾಲ ಪ್ರತಿ ವರ್ಷ ಬರುತ್ತದೆಂದು ಪುರಸಭೆಗೂ ಗೊತ್ತು, ಪಟ್ಟಣ ಪಂಚಾಯಿತಿಗೂ ಗೊತ್ತು. ನೆಲದ ಗೆರೆ ನಂಬುವ ಬದಲು ಕಂಬಕ್ಕೊಂದು ಬೋರ್ಡು ನೆಟ್ಟರೆ ಕೆಸರು ಅಲ್ಲಿಗೆ ಹತ್ತುವುದಿಲ್ಲ. ಮುಂದಿನ ಸಭೆಗೆ ಮುಂಚೆ ನಿಮ್ಮ ವಾರ್ಡಿನ ಸದಸ್ಯರಿಗೆ ಇದೊಂದು ಮಾತು ಹೇಳಿ.