ಕಲ್ಲಿನ ಮೂಲ

ನದೀಮೂಲ, ಋಷಿಮೂಲ ಕೇಳಬಾರದು ಎನ್ನುತ್ತಾರೆ ನಮ್ಮ ಹಿರಿಯರು. ಕಲ್ಲಿನ ಮೂಲ ಕೇಳಬಾರದೆಂದು ಯಾರೂ ಹೇಳಿಲ್ಲ, ಹಾಗಾಗಿ ಈ ಬಾರಿ ಕೇಳಿಯೇಬಿಡೋಣ.

ಪರ್ತಿನ ಡಾರ್ಲಿಂಗ್ ಬೆಟ್ಟಸಾಲು, ಅಡಿಲೇಡಿಗೆ ಹತ್ತಿರದ ಗ್ರಾನೈಟ್ ಐಲೆಂಡ್, ಬ್ರಿಸ್ಬೇನಿನಿಂದ ನೈರುತ್ಯಕ್ಕಿರುವ ಗಿರಾವೀನ್. ಈ ಮೂರು ಕಡೆಯೂ ಇರುವುದು ಗ್ರಾನೈಟೇ. ನಮ್ಮವರು ಬುತ್ತಿ ಕಟ್ಟಿಕೊಂಡು ಎಲ್ಲಿಗೆ ಹೋದರೂ "ಥೇಟ್ ರಾಮನಗರ!" ಎನ್ನುತ್ತೇವೆ. ಆದರೆ ನೋಟ ಒಂದಾದ ಮಾತ್ರಕ್ಕೆ ಹುಟ್ಟು ಒಂದಲ್ಲ.

ನೆಲದಾಳದಲ್ಲಿ ಕರಗಿದ ಶಿಲೆ ನಿಧಾನವಾಗಿ ತಣಿದರೆ ಗ್ರಾನೈಟ್. ಕರಗಿದ್ದು ಯಾವುದು? ಭೂಮಿಯ ಹಳೆಯ ತೊಗಟೆಯೋ, ಅದರ ಕೆಳಗಿನ ಮ್ಯಾಂಟಲ್‌ನಿಂದ ಹೊಸದಾಗಿ ಬಂದ ದ್ರವ್ಯವೋ? 1974ರಲ್ಲಿ ಬ್ರೂಸ್ ಚಾಪೆಲ್ ಮತ್ತು ಅಲನ್ ವೈಟ್, ಮೂಲಶಿಲೆ ಯಾವುದೆಂಬುದರ ಮೇಲೆ ಆಗ್ನೇಯ ಆಸ್ಟ್ರೇಲಿಯಾದ ಗ್ರಾನೈಟುಗಳನ್ನು ಎರಡು ಬಗೆಯಾಗಿ ವಿಂಗಡಿಸಿದರು. ಐಸೊಟೋಪುಗಳು ಆ ಪ್ರಶ್ನೆಗೆ ಲೆಕ್ಕದ ಉತ್ತರ ಕೊಟ್ಟವು. ಸಮೇರಿಯಂ-147 ಬಲು ನಿಧಾನವಾಗಿ ನಿಯೋಡಿಮಿಯಂ-143 ಆಗುತ್ತದೆ. ಅರ್ಧದಷ್ಟು ಬದಲಾಗಲು ಸುಮಾರು 10,600 ಕೋಟಿ ವರ್ಷ ಬೇಕು. ಮ್ಯಾಂಟಲ್‌ಗೆ ಹೋಲಿಸಿದರೆ ತೊಗಟೆಯಲ್ಲಿ ಸಮೇರಿಯಂನ ಪಾಲು ಕಡಿಮೆ. ಆದ್ದರಿಂದ ಹಳೆಯ ತೊಗಟೆ ಕರಗಿ ಆದ ಗ್ರಾನೈಟಿನಲ್ಲಿ ನಿಯೋಡಿಮಿಯಂ-143 ಕಡಿಮೆ ಇರುತ್ತದೆ.

ಈ ಅಳತೆಗೋಲು ಹಿಡಿದರೆ ಬೆಟ್ಟಸಾಲುಗಳ ಚರಿತ್ರೆ ಬೇರೆಬೇರೆಯಾಗುತ್ತದೆ. ಪರ್ತಿನ ಸೀಮೆಯ ಗ್ರಾನೈಟಿಗೆ ಸುಮಾರು 260 ಕೋಟಿ ವರ್ಷ; ಬಹುಪಾಲು ಅದಕ್ಕೂ ಹಳೆಯ ತೊಗಟೆ ಮತ್ತೆ ಕರಗಿ ಆದದ್ದು. ಸುಮಾರು 50 ಕೋಟಿ ವರ್ಷದ ಹಿಂದೆ ಅಡಿಲೇಡಿನ ಸೀಮೆಯಲ್ಲಿ ಮ್ಯಾಂಟಲ್‌ನ ದ್ರವ್ಯಕ್ಕೆ ಹಳೆಯ ಕಡಲ ಕೆಸರಿನ ಶಿಲೆ ಬೆರೆಯಿತು. ಬ್ರಿಸ್ಬೇನಿನ ಕಡೆ, ಸುಮಾರು 25 ಕೋಟಿ ವರ್ಷದ ಹಿಂದೆ, ಹೊಸ ದ್ರವ್ಯದ್ದೇ ಮೇಲುಗೈ. ಹಿಮಾಲಯದ ಎಳೆಯ ಗ್ರಾನೈಟುಗಳು ಇದಕ್ಕೆ ತದ್ವಿರುದ್ಧ: ಎರಡು ಖಂಡಗಳು ಡಿಕ್ಕಿ ಹೊಡೆದಾಗ ಭಾರತದ ಹಳೆಯ ತೊಗಟೆಯೇ ಕರಗಿತು. ಪೂರ್ವ ಆಸ್ಟ್ರೇಲಿಯಾದ ಅಂಚಿನಲ್ಲಿ ಕಡಲತಳ ಖಂಡದಡಿ ಜಾರುತ್ತ, ಅದು ಜಾರುವ ಕಂದರ ಹಿಂದೆ ಸರಿಯುತ್ತ, ನೆಲ ಹಿಗ್ಗಿತು. ಹೊಸ ದ್ರವ್ಯ ಮೇಲೇರಿತು. 2009ರಲ್ಲಿ ಟೋನಿ ಕೆಂಪ್ ಮತ್ತು ಸಂಗಡಿಗರು ಜಿರ್ಕಾನ್ ಹರಳುಗಳ ಹಾಫ್ನಿಯಂ ಅಳೆದು ಇದನ್ನು ತೋರಿಸಿದರು.

ಇನ್ನು ನಮ್ಮ ರಾಮನಗರ. ಬ್ರಿಟಿಷ್ ರೆಸಿಡೆಂಟ್ ಬ್ಯಾರಿ ಕ್ಲೋಸ್ ಹೆಸರಿನಿಂದ ಊರಿಗೆ ಒಮ್ಮೆ ಕ್ಲೋಸ್‌ಪೇಟೆ ಎಂಬ ಹೆಸರಿತ್ತು. ವಿಜ್ಞಾನದಲ್ಲಿ ಇಂದಿಗೂ ಅದು ಕ್ಲೋಸ್‌ಪೇಟ್ ಗ್ರಾನೈಟ್. ವಿಲಿಯಂ ಕಾಂಪ್‌ಸ್ಟನ್ ತಂಡ ಕ್ಯಾನ್‌ಬೆರಾದಲ್ಲಿ ಕಟ್ಟಿದ 'ಶ್ರಿಂಪ್' ಯಂತ್ರದಿಂದಲೇ ಇದರ ಪ್ರಾಯ ಸುಮಾರು 250 ಕೋಟಿ ವರ್ಷವೆಂದು 1991ರಲ್ಲಿ ಪ್ರಕಟವಾಯಿತು. ಮ್ಯಾಂಟಲ್‌ನಿಂದ ಬಂದ ದ್ರವ್ಯವೂ, ಲಾಲ್‌ಬಾಗಿನ ಬಂಡೆಯ ಕುಲದ ಹಳೆಯ ನೈಸ್ ಶಿಲೆಯೂ ಇದರಲ್ಲಿ ಬೆರೆತಿವೆ ಎನ್ನುತ್ತವೆ ಐಸೊಟೋಪುಗಳು. ಹೀಗೆ ನಮ್ಮೂರ ಬಂಡೆಯ ಜಾತಕ ಬರೆದದ್ದು ನಾವು ಬಂದು ಸೇರಿದ ಈ ದೇಶದಲ್ಲಿ.

ಇಂಥ ಬಂಡೆಗಳನ್ನು ಕರ್ನಾಟಕದ ಕ್ವಾರಿಗಳಲ್ಲಿ ಸೀಳಿ ಅಡುಗೆಕಟ್ಟೆಯ ಚಪ್ಪಡಿ ಮಾಡುತ್ತಾರೆ. ಚಪ್ಪಡಿಯಾದ ಮೇಲೂ ಐಸೊಟೋಪು ಅಳಿಯುವುದಿಲ್ಲ, ನಿಜ. ಆದರೆ ಆ ಕಲ್ಲು ಯಾವ ಬಂಡೆಗೆ ಅಂಟಿಕೊಂಡಿತ್ತು, ಯಾವುದನ್ನು ಸೀಳಿ ಮೇಲೆ ಬಂದಿತ್ತು ಎಂಬುದನ್ನು ಯಾವ ಯಂತ್ರವೂ ಹೇಳಲಾರದು. ಅದಕ್ಕೆ ಬೆಟ್ಟ ಇದ್ದಲ್ಲೇ ಇರಬೇಕು.