ಮಿಣುಕಿದ್ದು ಆಕಾಶವೋ, ಕ್ಯಾಮೆರಾವೋ?

ಮಳೆಗಾಲ ಮುಗಿದರೆ ನಮ್ಮವರಲ್ಲಿ ಹಲವರು ವೀಕೆಂಡಿಗೆ ಟ್ರೈಪಾಡ್ ಹೊತ್ತು ಮಾಳ್ಶೇಜ್ ಘಾಟ್ ಕಡೆ ಹೊರಡ್ತಾರೆ. ರಾತ್ರಿಯಿಡೀ ತೆಗೆದ ಫೋಟೋಗಳನ್ನು ಜೋಡಿಸಿ ಟೈಮ್‌ಲ್ಯಾಪ್ಸ್ ಓಡಿಸಿದ್ರೆ, ಆಕಾಶ ಹಳೇ ಟ್ಯೂಬ್‌ಲೈಟ್ ಥರ ಮಿಣುಕುತ್ತೆ. ಇದೇ ಫ್ಲಿಕರ್. ಇದರ ಬೇರು ಕ್ಯಾಮೆರಾದ ಇತಿಹಾಸದಲ್ಲಿದೆ.

1938ರಲ್ಲಿ ಬಂದ ಕೊಡಾಕ್ ಸೂಪರ್ ಸಿಕ್ಸ್-20, ಎಕ್ಸ್‌ಪೋಷರನ್ನು ತಾನೇ ನಿರ್ಧರಿಸಿದ ಮೊದಲ ಕ್ಯಾಮೆರಾ. 1959ರ ನಿಕಾನ್ ಎಫ್‌ನಲ್ಲಿ, ನೋಡುವಾಗ ಲೆನ್ಸಿನ ಅಪರ್ಚರ್ ಪೂರ್ತಿ ತೆರೆದಿರುತ್ತೆ. ಕ್ಲಿಕ್ಕಿಸಿದ ಕ್ಷಣ ಬೇಕಾದಷ್ಟು ಮುಚ್ಚಿ ಮತ್ತೆ ತೆರೆದುಕೊಳ್ಳುತ್ತೆ. 1987ರಲ್ಲಿ ಕ್ಯಾನನ್ ಇಒಎಸ್ ಈ ಕೆಲಸವನ್ನು ಲೆನ್ಸಿನೊಳಗಿನ ಪುಟ್ಟ ಮೋಟಾರಿಗೆ ಕೊಟ್ಟಿತು.

ಗಮನಿಸಿ, ಇವೆಲ್ಲ ಒಂದು ಫೋಟೋ ಚೆನ್ನಾಗಿ ಬರಲಿ ಅಂತ ಮಾಡಿದ ಅನುಕೂಲಗಳು. ಅಪರ್ಚರಿನ ಎಲೆಗಳು ಪ್ರತಿ ಸಲವೂ ಕರಾರುವಾಕ್ಕಾಗಿ ಅದೇ ಜಾಗಕ್ಕೆ ಬರೋದಿಲ್ಲ. ಒಂದೇ ಫೋಟೋದಲ್ಲಿ ಆ ಕೂದಲೆಳೆ ವ್ಯತ್ಯಾಸ ಕಾಣಲ್ಲ. ಸೆಕೆಂಡಿಗೆ 24 ಫೋಟೋ ಓಡಿಸಿದಾಗ ಕಣ್ಣಿಗೆ ಹೊಡೆಯುತ್ತೆ. ಆಟೋ ಐಎಸ್ಒ, ಆಟೋ ವೈಟ್ ಬ್ಯಾಲೆನ್ಸ್ ಕೂಡ ಪ್ರತಿ ಫೋಟೋಗೂ ಹೊಸದಾಗಿ ಲೆಕ್ಕ ಹಾಕ್ತವೆ.

ಹಾಗಾಗಿ ಎಲ್ಲ ಆಟೋ ಆಫ್ ಮಾಡಿ. 20 ಸೆಕೆಂಡು, ಐಎಸ್ಒ 3200, ವೈಟ್ ಬ್ಯಾಲೆನ್ಸ್ 4000 ಕೆಲ್ವಿನ್ ಅಂತ ಒಂದು ಲೆಕ್ಕ ಹಿಡಿದು ಅದರಲ್ಲೇ ನಿಲ್ಲಿ. ಅಪರ್ಚರನ್ನು ಪೂರ್ತಿ ತೆರೆದಿಟ್ಟರೆ ಎಲೆಗಳು ಅಲುಗೋದೇ ಇಲ್ಲ. ಬೆಳದಿಂಗಳು ಅಂತ ಸ್ವಲ್ಪ ಮುಚ್ಚಲೇಬೇಕಾದರೆ, ಕೈಯಿಂದ ತಿರುಗಿಸೋ ಅಪರ್ಚರ್ ರಿಂಗಿನ ಹಳೇ ಲೆನ್ಸ್ ಹಾಕಿ. ಫೋಟೋಗಳು ಬರಬರುತ್ತಾ ಮಂಕಾದರೆ ಲೆನ್ಸಿನ ಮೇಲೆ ಇಬ್ಬನಿ ಕೂತಿದೆಯಾ ನೋಡಿ.

ಇಷ್ಟಾದ ಮೇಲೂ ಉಳಿಯೋ ಮಿಣುಕನ್ನು ಸಾಫ್ಟ್‌ವೇರಿನಲ್ಲಿ ಸರಿ ಮಾಡೋದು ಹೇಗೆ? ಇಲ್ಲಿ ನಮ್ಮ ಬೆಂಗಳೂರಿನ ಒಂದು ಕಥೆ ಇದೆ. ಕೋರಮಂಗಲದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್ ನಡೆಸುವ ಕೊಡೈಕೆನಾಲ್ ವೀಕ್ಷಣಾಲಯದಲ್ಲಿ 1904ರಿಂದ, ಮೋಡವಿಲ್ಲದ ದಿನಗಳಲ್ಲಿ ಸೂರ್ಯನ ಫೋಟೋ ತೆಗೀತಾ ಬಂದಿದ್ದಾರೆ. ಒಂದು ಲೆಕ್ಕದಲ್ಲಿ ಅದೂ ನೂರು ವರ್ಷ ದಾಟಿದ ಟೈಮ್‌ಲ್ಯಾಪ್ಸೇ! ಆದರೆ ಒಂದು ದಿನ ಮಬ್ಬು, ಇನ್ನೊಂದು ದಿನ ಬೇರೆ ಪ್ಲೇಟು, ಮತ್ತೊಂದು ದಿನ ಡೆವಲಪ್ ಮಾಡಿದ್ದು ಹೆಚ್ಚುಕಮ್ಮಿ. ಹಾಗೇ ಜೋಡಿಸಿದ್ರೆ ಸೂರ್ಯನೇ ಮಿಣುಕಿದ ಹಾಗೆ ಕಾಣುತ್ತೆ.

ಪ್ಲೇಟುಗಳನ್ನು ಡಿಜಿಟಲ್ ಮಾಡಿದಾಗ ವಿಜ್ಞಾನಿಗಳು ಹಿಡಿದ ದಾರಿ ಸರಳ. ಕಲೆಗಳಿಲ್ಲದ ಶಾಂತ ಭಾಗವನ್ನು ಅಳತೆಗೋಲು ಮಾಡಿಕೊಂಡು ಪ್ರತಿ ಚಿತ್ರದ ಬೆಳಕನ್ನೂ ಅದಕ್ಕೆ ಹೊಂದಿಸಿದರು. ಆಗ ಪ್ಲೇಟಿನ ದೋಷ ಹೋಯ್ತು, ಸೂರ್ಯನ ಕಲೆಗಳ ಏರಿಳಿತ ಉಳೀತು.

ನಾವೂ ಡಿಫ್ಲಿಕರ್ ಮಾಡುವಾಗ ಚಂದ್ರ, ಮೋಡ, ಗಾಡಿಗಳ ಹೆಡ್‌ಲೈಟ್ ಬೀಳದ ಆಕಾಶದ ತುಂಡನ್ನು ಆರಿಸಬೇಕು. ಇಡೀ ಫ್ರೇಮನ್ನು ಸಮ ಮಾಡಿದ್ರೆ ಚಂದ್ರೋದಯವೇ ಅಳಿಸಿಹೋಗುತ್ತೆ.

ಇನ್ನು ನಮ್ಮ ಘಣಸೋಲಿಗೆ ಬರೋಣ. ಠಾಣೆ–ಬೇಲಾಪುರ ರಸ್ತೆಯ ದೀಪಗಳ ಬೆಳಕು ಮೋಡಕ್ಕೆ ತಾಗಿ ಆಕಾಶ ಬೆಳಗೋದು ಕ್ಯಾಮೆರಾ ದೋಷವಲ್ಲ, ಅದು ನಿಜ. ವರ್ಷಕ್ಕೊಮ್ಮೆ, ಅಮಾವಾಸ್ಯೆಯ ರಾತ್ರಿ, ಅದೇ ಟೆರೇಸು, ಅದೇ ಲೆನ್ಸು, ಅದೇ ಸೆಟ್ಟಿಂಗಿನಲ್ಲಿ ಹತ್ತು ನಿಮಿಷ ತೆಗೆದು ಎತ್ತಿಡಿ. ಎಡಿಟ್ ಮಾಡದ ರಾ ಫೈಲೂ ಇರಲಿ. ನಮ್ಮ ಮೇಲಿನ ಕತ್ತಲೆ ಎಷ್ಟು ಕರಗಿತು ಅಂತ ಮಕ್ಕಳು ಮುಂದೊಂದು ದಿನ ಅದರಿಂದ ಅಳೀಬಹುದು. ಆಟೋದಲ್ಲಿ ತೆಗೆದಿದ್ದರೆ ಕ್ಯಾಮೆರಾ ಎಲ್ಲ ವರ್ಷವನ್ನೂ ಒಂದೇ ಥರ ತೋರಿಸಿಬಿಡುತ್ತೆ.

ಮುಂದಿನ ಮಾತಿನಲ್ಲಿ ಸಿಗೋಣ.